ಯಾಫಾ ಪಾಠಶಾಲೆಯ ಶನಿವಾರ

ಊರಿಗೆ ಬಂದ ಮೇಲೆ ಕಂಡವರೆಲ್ಲ ನನ್ನನ್ನು ಕೇಳುವುದು ಯುದ್ಧದ ಸುದ್ದಿಯನ್ನೇ. ಫಿರಂಗಿ ಹೇಗೆ ಹಾರುತ್ತಿತ್ತು, ತುರ್ಕರು ನೋಡಲು ಹೇಗಿರುತ್ತಾರೆ, ಎಷ್ಟು ಜನ ಸತ್ತರು. ನಾನು ಕುದುರೆ ಆಸ್ಪತ್ರೆಯ ಕಂಪೌಂಡರು. ನಾನು ಕಂಡ ಯುದ್ಧವೆಲ್ಲ ಕುದುರೆಗಳ ಗೊರಸಿನಲ್ಲಿ, ಹೆಗಲಿನಲ್ಲಿ, ಉಬ್ಬಿದ ಹೊಟ್ಟೆಯಲ್ಲಿ ಇತ್ತು. ಅದನ್ನು ಹೇಳಹೊರಟರೆ ಕೇಳುವವರಿಗೆ ಆಕಳಿಕೆ ಬರುತ್ತದೆ, ಹೇಳುವ ನನಗೂ ಬರುತ್ತದೆ. ಹೇಳಬೇಕು ಅನ್ನಿಸುವುದು ಒಂದೇ ಸಂಗತಿ. ಅದು ಯುದ್ಧ ನಿಂತ ಮೇಲೆ ನಡೆದದ್ದು.

ಹಿರೇಗುಂಟನೂರು ಬಿಟ್ಟದ್ದು

ನಮ್ಮದು ಜಂಗಮರ ಮನೆ. ನನ್ನ ಹೆಸರು ರುದ್ರಯ್ಯ. ಚಿತ್ರದುರ್ಗದ ಮಠದ ಪಾಠಶಾಲೆಯೊಂದರಲ್ಲಿ ವ್ಯಾಕರಣ, ತರ್ಕ ಅಂತ ಕೆಲವು ವರ್ಷ ಕೂತಿದ್ದೆ. ಅಪ್ಪ ತೀರಿಕೊಂಡ ಮೇಲೆ ಓದು ನಿಂತಿತು. ಹಿರಿಯೂರಿನಲ್ಲಿ ದನದ ಡಾಕ್ಟರೊಬ್ಬರ ಕೈಕೆಳಗೆ ಗಾಯ ತೊಳೆಯುವುದು, ಔಷಧಿ ಕಲೆಸುವುದು ಕಲಿತೆ. ಅಲ್ಲಿಂದ ಮಹಾರಾಜರ ಕುದುರೆ ಪಡೆಗೆ ಸೇರಿಕೊಂಡೆ. ಅಯ್ಯನೋರ ಮನೆಯ ಹುಡುಗ ಕುದುರೆ ಹುಣ್ಣು ತೊಳೆಯುತ್ತಾನೆ ಎಂದು ನೆಂಟರು ಆಡಿಕೊಂಡರು. ಅವ್ವ ಮಾತ್ರ, "ಹುಣ್ಣು ಯಾರದಾದ್ರೂ ಹುಣ್ಣೇ ಅಲ್ಲೇನಪ್ಪ" ಅಂದು ರೊಟ್ಟಿ ಕಟ್ಟಿಕೊಟ್ಟಳು.

ಹಡಗಿನ ವಿಷಯ ಹೆಚ್ಚು ಹೇಳುವುದಿಲ್ಲ. ಕುದುರೆಗೆ ಎಷ್ಟೇ ಹೊಟ್ಟೆ ತೊಳಸಿದರೂ ವಾಂತಿ ಮಾಡಲು ಬರುವುದಿಲ್ಲ. ನನಗೆ ಬರುತ್ತಿತ್ತು. ಅವುಗಳದನ್ನೂ ಸೇರಿಸಿ ನಾನೇ ಮಾಡಿದೆ ಅನ್ನಬೇಕು. ಗಂಟಿನಲ್ಲಿದ್ದ ವಿಭೂತಿ ಗಟ್ಟಿ ಸಮುದ್ರದ ನೀರು ಕುಡಿದು ಕೆಸರಾಗಿತ್ತು. ಅದನ್ನೇ ಬಿಸಿಲಿಗೆ ಒಣಗಿಸಿ ದಿನಾ ಹಚ್ಚಿಕೊಂಡೆ. ಹಣೆಯಲ್ಲಿ ಉಪ್ಪು ಉರಿಯುತ್ತಿತ್ತು.

ಯಾಫಾದ ಠಾಣ್ಯ

ಯುದ್ಧ ನಿಂತಿತು. ನಾವು ಮಾತ್ರ ಹೊರಡಲಿಲ್ಲ. ಜೆರುಸಲೇಮಿನ ಸೀಮೆಯಲ್ಲಿ ಯಾಫಾ ಅನ್ನುವ ಬಂದರು ಪಟ್ಟಣದ ಹೊರಗೆ ಡೇರೆ ಹಾಕಿಕೊಂಡು ಅಪ್ಪಣೆ ಕಾಯುತ್ತಾ ಬಿದ್ದಿದ್ದೆವು. ಈ ವಾರ ಹೋಗಾಣ, ಮುಂದಿನ ವಾರ ಹೋಗಾಣ ಅನ್ನುವುದರಲ್ಲೇ ಮಳೆಗಾಲ ಬಂತು. ಆ ಸೀಮೆಯಲ್ಲಿ ಮಳೆಯೂ ಚಳಿಯೂ ಒಟ್ಟಿಗೇ ಬರುತ್ತವೆ. ಒಣಗಿಸಿಕೊಳ್ಳಲು ಬಿಸಿಲಿಲ್ಲ, ಕಾಯಿಸಿಕೊಳ್ಳಲು ಸೌದೆಯಿಲ್ಲ. ಬದುಕಿ ಉಳಿದವರಿಗೆ ಬರುವ ಒಂದು ಆಯಾಸ ಇದೆ. ಮಲಗಿದರೆ ಅದು ಹೋಗುವುದಿಲ್ಲ.

ನನ್ನ ಜೊತೆಗಿದ್ದವರು ದಫೇದಾರ್ ಖಾಸಿಂ ಸಾಬರು. ಚಿತ್ರದುರ್ಗದ ಕೋಟೆಯ ಕೆಳಗಿನವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಇಡೀ ಠಾಣ್ಯದಲ್ಲಿ ನಮ್ಮ ಕಡೆಯ ಕನ್ನಡ ಆಡುತ್ತಿದ್ದುದು ನಾವಿಬ್ಬರೇ. ಒಂದು ಬೆಳಿಗ್ಗೆ ಅವರು ಡೇರೆಯೊಳಗೆ ತಲೆ ಹಾಕಿ, "ಅಯ್ಯನೋರೆ, ಯಾರೋ ಗಡ್ಡದ ಹುಡುಗ ಬಂದವ್ನೆ. ಹಿಂದೂಸ್ತಾನಿ ಆಡ್ತಾನೆ ಕಣ್ರಿ. ಅವನ ಹೇಸರಗತ್ತೆಗೆ ಹುಣ್ಣಾಗೈತಂತೆ" ಅಂದರು.

ಬಂದವನ ಹೆಸರು ಎಜ್ರಾ. ಯಹೂದಿ. ಅವನ ಹಿರೀಕರು ಬಾಗ್ದಾದಿನವರು, ಅವನು ಬೆಳೆದದ್ದು ಬೊಂಬಾಯಿಯಲ್ಲಿ. ನಮ್ಮ ಸಮವಸ್ತ್ರ ನೋಡಿ ಅವನ ಕಣ್ಣಲ್ಲಿ ನೀರೇ ಬಂತು. ಬೊಂಬಾಯಿಯ ಟ್ರಾಮು, ಬೊಂಬಾಯಿಯ ಮೀನಿನ ವಾಸನೆ ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದ. ಆಮೇಲೆ ಹೇಸರಗತ್ತೆಯ ವಿಷಯಕ್ಕೆ ಬಂದ. ಅದು ಅವನು ಓದುವ ಪಾಠಶಾಲೆಯದು. ಕಿತ್ತಳೆ ತೋಟದಿಂದ ಬಂದರಿಗೆ ಹಣ್ಣು ಹೊರುವ ಗಾಡಿಗೆ ಅದೊಂದೇ ಪ್ರಾಣಿ.

ಹೋಗಿ ನೋಡಿದೆ. ಗಾಡಿ ಎಳೆಯುವ ತೊಗಲಿನ ಪಟ್ಟಿ ಉಜ್ಜಿ ಹೆಗಲು ಕಿತ್ತುಹೋಗಿತ್ತು. ತೊಳೆದು ಮುಲಾಮು ಹಚ್ಚಿ, ನಾನು ಹೇಳುವ ತನಕ ಇದಕ್ಕೆ ಗಾಡಿ ಕಟ್ಟಬೇಡಿ ಎಂದೆ. ದಿನಾ ಬಂದು ನೋಡುವುದೆಂದಾಯಿತು. ಠಾಣ್ಯದಲ್ಲಿ ಕೂತು ಮಳೆ ನೋಡುವುದಕ್ಕಿಂತ ಅದು ವಾಸಿ.

ಕೂರುವ ಮನೆ

ಅವರ ಭಾಷೆಯಲ್ಲಿ ಆ ಪಾಠಶಾಲೆಗೆ ಯೆಶಿವಾ ಅನ್ನುತ್ತಾರೆ. ಹಾಗೆಂದರೆ ಕೂರುವ ಜಾಗ ಎಂದು ಎಜ್ರಾ ಅರ್ಥ ಹೇಳಿದ. ಆದರೆ ಅಲ್ಲಿ ಒಬ್ಬನೂ ಕೂತಲ್ಲಿ ಕೂರುತ್ತಿರಲಿಲ್ಲ.

ಮೊದಲನೇ ದಿನ ಒಳಗಿನ ಗಲಾಟೆ ಕೇಳಿ ಖಾಸಿಂ ಸಾಬರು ಬಾಗಿಲಲ್ಲೇ ನಿಂತರು. "ಹೊಡದಾಟ ನಡೀತೈತೆ. ನಮಗ್ಯಾಕೆ ರೀ, ಹೋಗಾಣ ಬರ್ರಿ" ಎಂದು ನನ್ನ ತೋಳು ಎಳೆದರು. ನನಗೂ ಹಾಗೇ ಅನ್ನಿಸಿತ್ತು. ಉದ್ದನೆಯ ಹಜಾರ, ಸೋರುವ ಮಾಡು, ಅಡ್ಡಾದಿಡ್ಡಿ ಬೆಂಚುಗಳು. ಎಲ್ಲೆಡೆ ಇಬ್ಬಿಬ್ಬರು ಹುಡುಗರು ಎದುರುಬದುರು ನಿಂತು, ಮಧ್ಯೆ ಒಂದು ದಪ್ಪ ಪುಸ್ತಕ ಇಟ್ಟುಕೊಂಡು, ಮೇಜು ಗುದ್ದಿ ಕೂಗಾಡುತ್ತಿದ್ದರು. ಒಬ್ಬ ಹೆಬ್ಬೆರಳನ್ನು ಗಾಳಿಯಲ್ಲಿ ತಿರುಗಿಸುತ್ತಾ ಏನೋ ಹೇಳಿದರೆ ಇನ್ನೊಬ್ಬ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ.

ಎಜ್ರಾ ನಕ್ಕ. "ಜಗಳ ಅಲ್ಲ ಸಾಹೇಬರೇ, ಪಾಠ. ಇಲ್ಲಿ ಒಬ್ಬನೇ ಓದುವ ಹಾಗಿಲ್ಲ. ಎದುರಿಗೊಬ್ಬ ಇರಬೇಕು, ಅವನು ಇಲ್ಲ ಅನ್ನಬೇಕು."

ನಮ್ಮ ಮಠದಲ್ಲಿ ಗುರುಗಳು ಒಂದು ಸಾಲು ಹೇಳಿದರೆ ನಾವೆಲ್ಲ ಒಂದೇ ದನಿಯಲ್ಲಿ ಅದನ್ನು ಹೇಳುತ್ತಿದ್ದೆವು. ದನಿ ಒಂದಾದಷ್ಟೂ ಪಾಠ ಚೆನ್ನಾಯಿತು ಎಂದು ಲೆಕ್ಕ. ಇಲ್ಲಿ ಎರಡು ದನಿ ಒಂದಾದರೆ ಪಾಠ ಮುಗಿದುಹೋಯಿತು ಎಂದು ಬೇಜಾರು ಪಟ್ಟುಕೊಳ್ಳುತ್ತಿದ್ದರು. ಅವರ ಪುಸ್ತಕದ ಹಾಳೆಯೂ ಹಾಗೇ ಇತ್ತು. ನಡುವೆ ಮೂಲದ ನಾಲ್ಕಾರು ಸಾಲು, ಸುತ್ತಲೂ ಬೇರೆ ಬೇರೆ ಕಾಲದ ಪಂಡಿತರ ತಕರಾರು.

ಗುರುಗಳು ಕುಳ್ಳಗೆ ಇದ್ದರು. ನರೆತ ಕೆಂಪು ಗಡ್ಡ, ಬಿಡದ ಕೆಮ್ಮು. ರಷ್ಯಾ ಸೀಮೆಯಿಂದ ಬಂದವರು. ಎಜ್ರಾ ಹೇಳಿದ ಪ್ರಕಾರ ಅವರಿಗೆ ಎರಡೂ ಕಡೆಯಿಂದ ಬೈಗಳು. ಊರಿನ ಹಳೆಯ ಸಂಪ್ರದಾಯದವರು, ದೇವರು ತಾನಾಗಿ ನಮ್ಮನ್ನು ಪೂರ್ವಿಕರ ಈ ನೆಲಕ್ಕೆ ತಂದು ಸೇರಿಸುತ್ತಾನೆ, ನೀವ್ಯಾಕೆ ಗುದ್ದಲಿ ಹಿಡಿದು ಅವಸರ ಮಾಡುತ್ತೀರಿ ಎಂದು ಬೈಯುತ್ತಿದ್ದರು. ಹೊಸದಾಗಿ ಬಂದು ಹೊಲ ಮಾಡುತ್ತಿದ್ದ ಹುಡುಗರು, ಗುದ್ದಲಿ ಸಾಕು, ಆ ಪುಸ್ತಕ ಬಿಸಾಕಿ ಎನ್ನುತ್ತಿದ್ದರು. ಈ ಗುರುಗಳಿಗೆ ಪುಸ್ತಕವೂ ಬೇಕು, ನೆಲವೂ ಬೇಕು. ಹುಡುಗರು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದರು. ಆಮೇಲೆ ಕೆಸರುಗಾಲಿನಲ್ಲೇ ಬಂದು ಬೆಂಚಿಗೆ ಒರಗಿ ಕೂಗಾಡುತ್ತಿದ್ದರು. ಸಂಜೆಗೆ ಎಲ್ಲರ ಕಣ್ಣೂ ಕೆಂಪಗಾಗುತ್ತಿದ್ದವು. ದಣಿದ ಹುಡುಗರನ್ನು ನೋಡುವುದು ನನಗೇನೋ ಹಿತವಾಗಿತ್ತು. ಅವರ ದಣಿವಿಗೆ ಒಂದು ಕೆಲಸವಿತ್ತು.

ಇನ್ನೊಂದು ವಿಚಿತ್ರ. ಪುಸ್ತಕದಲ್ಲಷ್ಟೇ ಇದ್ದ ತಮ್ಮ ಹಳೆಯ ಭಾಷೆಯನ್ನೇ ಊಟದ ಹೊತ್ತಿನಲ್ಲೂ ಆಡಬೇಕೆಂದು ಅವರು ಹಟ ಹಿಡಿದಿದ್ದರು. ಚಿತ್ರದುರ್ಗದ ಸಂತೆಯಲ್ಲಿ ಯಾರೋ ಸಂಸ್ಕೃತದಲ್ಲಿ ಬದನೆಕಾಯಿ ಚೌಕಾಶಿ ಮಾಡಿದ ಹಾಗೆ. ಒಬ್ಬ ಹುಡುಗನಿಗೆ ಚಮಚಕ್ಕೆ ಮಾತು ಸಿಗದೆ ಗಂಜಿ ತಣ್ಣಗಾಯಿತು. ಅವನು ಕೊನೆಗೂ ತನ್ನ ಮನೆಮಾತಿನಲ್ಲಿ ಕೇಳಲಿಲ್ಲ, ಬಟ್ಟಲನ್ನೇ ಎತ್ತಿ ಕುಡಿದ.

ಊಟದ ವಿಷಯದಲ್ಲಿ ನನಗೆ ಹೆದರಿಕೆಯಿತ್ತು. ಗುರುಗಳ ಹೆಂಡತಿ ಅದನ್ನು ಎಜ್ರಾನಿಂದ ತಿಳಿದುಕೊಂಡು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು. ಮಾಂಸದ ಪಾತ್ರೆಗಳು ಒಂದು ಗೋಡೆಗೆ, ಹಾಲಿನ ಪಾತ್ರೆಗಳು ಇನ್ನೊಂದು ಗೋಡೆಗೆ. ಒಂದರ ಸೌಟು ಇನ್ನೊಂದಕ್ಕೆ ಮುಟ್ಟುವಂತಿಲ್ಲ. ಹಾಲಿನ ಕಡೆಗೆ ಕೈ ತೋರಿಸಿ, ನನ್ನ ಕಡೆಗೆ ತೋರಿಸಿ, ತಲೆಯಾಡಿಸಿದರು. ಇಷ್ಟು ಮಡಿ ನಮ್ಮ ಅವ್ವನಲ್ಲೂ ಇರಲಿಲ್ಲ. ಅಂದಿನಿಂದ ನಾನು ಅಲ್ಲಿ ಬಾರ್ಲಿ ಗಂಜಿಯೂ ಮೊಸರೂ ಉಂಡೆ.

ಶುಕ್ರವಾರ, ಮಳೆ

ಆ ಶುಕ್ರವಾರ ನಾನೊಬ್ಬನೇ ಹೋಗಿದ್ದೆ. ಖಾಸಿಂ ಸಾಬರಿಗೆ ಠಾಣ್ಯದಲ್ಲಿ ಪಾಳಿ ಇತ್ತು. ಮಧ್ಯಾಹ್ನ ಹೇಸರಗತ್ತೆಯ ಹೆಗಲು ಕಟ್ಟುತ್ತಿರುವಾಗಲೇ ಬೆನ್ನುಹುರಿಯಲ್ಲಿ ನಡುಕ ಶುರುವಾಯಿತು. ಚಳಿಜ್ವರ. ಅದು ನಮ್ಮಲ್ಲಿ ಬಹಳ ಜನರನ್ನು ತಿಂದಿತ್ತು. ನನ್ನನ್ನು ಬಿಟ್ಟಿದೆ ಎಂದುಕೊಂಡಿದ್ದೆ. ಹೊರಟರೆ, ಠಾಣ್ಯಕ್ಕೆ ಹೋಗುವ ಅಡ್ಡದಾರಿಯಲ್ಲಿದ್ದ ಹಳ್ಳ ತುಂಬಿ ಹರಿಯುತ್ತಿತ್ತು. ವಾಪಸು ಬಂದೆ. ಹಜಾರದ ಒಂದು ಬೆಂಚಿನ ಮೇಲೆ ಮಲಗಿಸಿ ಎರಡು ಕಂಬಳಿ ಹೊದಿಸಿದರು.

ಶುಕ್ರವಾರ ಹೊತ್ತು ಮುಳುಗಿದರೆ ಅವರ ಹಬ್ಬದ ದಿನ ಶುರು. ಶನಿವಾರ ಹೊತ್ತು ಮುಳುಗುವ ತನಕ ಬೆಂಕಿ ಹಚ್ಚುವಂತಿಲ್ಲ, ಗಾಡಿ ಹೂಡುವಂತಿಲ್ಲ, ಬರೆಯುವಂತಿಲ್ಲ, ಬೀದಿಯಲ್ಲಿ ಒಂದು ಕರ್ಚೀಫನ್ನೂ ಕೈಯಲ್ಲಿ ಒಯ್ಯುವಂತಿಲ್ಲ. ವಾರವಿಡೀ ಕೂಗಾಡುತ್ತಿದ್ದ ಹುಡುಗರು ಒಗೆದ ಅಂಗಿ ತೊಟ್ಟು ಹಾಡತೊಡಗಿದರು. ಹೊತ್ತು ಮುಳುಗುವ ಮುಂಚೆ ಗುರುಪತ್ನಿ ದೀಪ ಹಚ್ಚಿ ಮುಖ ಮುಚ್ಚಿಕೊಂಡು ನಿಂತದ್ದನ್ನು ಕಂಡಿದ್ದೆ. ಆಮೇಲೆ ನನಗೆ ನೆನಪಿರುವುದು ಸೆಕೆ, ಬಾಯಾರಿಕೆ, ಮಾಡಿನಿಂದ ಬೀಳುತ್ತಿದ್ದ ಹನಿ.

ಶನಿವಾರ

ಬೆಳಗಾಗುವ ಹೊತ್ತಿಗೆ ನಾನು ಯಾರನ್ನೋ ಅಪ್ಪ ಎಂದು ಕರೆಯುತ್ತಿದ್ದೆನಂತೆ. ಇಲ್ಲಿಂದ ಮುಂದಿನದು ಅಷ್ಟಿಷ್ಟು ನಾನು ಕಂಡದ್ದು, ಮಿಕ್ಕದ್ದು ಎಜ್ರಾ ಹೇಳಿದ್ದು.

ನನ್ನ ಸುತ್ತ ಹುಡುಗರು ಸೇರಿದ್ದರು. ಠಾಣ್ಯದ ಆಸ್ಪತ್ರೆಗೆ ಸೇರಿಸದಿದ್ದರೆ ಇವನು ಉಳಿಯುವುದಿಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು. ಪಟ್ಟಣದ ಒಳಗಿನಿಂದ ಸುತ್ತಿಕೊಂಡು ಹೋದರೆ ಸೇತುವೆಯಿದೆ. ಆದರೆ ಗಾಡಿ ಹೂಡಬೇಕು. ಒಬ್ಬ ಹುಡುಗ, ಈ ನಿಯಮವಿಲ್ಲದ ಪಕ್ಕದ ತೋಟದ ಅರಬ ಮಾಲಿಯನ್ನು ಕರೆಯಲು ಓಡಿದ. ಆತ ತನ್ನ ಹಳ್ಳಿಗೆ ಹೋಗಿದ್ದ.

ಮೇಯರ್ ಎಂಬ ಹುಡುಗ ಅವರಲ್ಲೆಲ್ಲ ಚುರುಕು, ಬಡಕಲು, ಯಾವಾಗಲೂ ಉಗುರು ಕಚ್ಚುವವನು. ಅವನು ಮಾತು ತೆಗೆದ. "ಜೀವಕ್ಕೆ ಅಪಾಯವಿದ್ದರೆ ಈ ದಿನದ ನಿಯಮ ಮುರಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಸ್ತಕದಲ್ಲಿ ಅದನ್ನು ನಮ್ಮವರ ಜೀವದ ವಿಷಯದಲ್ಲಿ ಹೇಳಿದೆ. ಇವರು ಪರದೇಶದವರು, ಪರಧರ್ಮದವರು. ಇನ್ನೊಬ್ಬ ಅರಬನನ್ನು ಹುಡುಕೋಣ."

ಇನ್ನೊಬ್ಬ ಹುಡುಗ ಅದು ಹಾಗಲ್ಲ ಎಂದ. ಮತ್ತೊಬ್ಬ ಪುಸ್ತಕ ತಂದ. ನಾನು ನೋಡುತ್ತಿದ್ದ ಹಾಗೇ ಇಬ್ಬಿಬ್ಬರಾಗಿ ಎದುರು ನಿಂತು ಕೂಗಾಡತೊಡಗಿದರು, ಮೇಜಿನ ಜಾಗದಲ್ಲಿ ನಾನು. ಅವರ ಮೇಲೆ ನನಗೆ ಸಿಟ್ಟು ಬಂತೆಂದು ಹೇಳಲಾರೆ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು. ಈ ಪಾಠ ಮುಗಿಯುವ ತನಕ ನಾನು ಇರುವುದಿಲ್ಲ ಎಂದಷ್ಟೇ ಅನ್ನಿಸಿ ಕಣ್ಣು ಮುಚ್ಚಿದೆ. ಎದೆಯ ಮೇಲಿದ್ದ ಕರಡಿಗೆಯನ್ನು, ಅದರೊಳಗಿನ ಲಿಂಗವನ್ನು, ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಗದ್ದಲ ಒಮ್ಮೆಲೇ ನಿಂತಿತು. ಗುರುಗಳು ಬಂದಿದ್ದರು, ಪ್ರಾರ್ಥನೆಯ ಬಿಳಿ ಶಾಲು ಹೆಗಲ ಮೇಲೇ ಇತ್ತು. ನನ್ನ ಹಣೆ ಮುಟ್ಟಿ ನೋಡಿದರು. ಮೇಯರ್ ತನ್ನ ವಾದವನ್ನು ಮೊದಲಿನಿಂದ ಹೇಳಿದ. ಅವರು ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಒಳ್ಳೆಯ ಪ್ರಶ್ನೆ" ಎಂದರು. "ನಾಳೆ ಕೂತು ನೋಡೋಣ. ಈಗ ಗಾಡಿಯ ಪಟ್ಟಿ ತೆಗೆದುಕೊಂಡು ಬಾ."

"ಹಾಗಾದರೆ ಗಾಡಿ ನಾನು ಹೊಡೆಯುತ್ತೇನೆ, ನೀವು ಬೇಡ" ಎಂದ ಮೇಯರ್.

"ಬೇಡ. ಹುಡುಗ ಹೊಡೆದರೆ ನೋಡಿದವರು ಹುಡುಗಾಟ ಅನ್ನುತ್ತಾರೆ. ಇಂಥದ್ದನ್ನು ಗಡ್ಡ ಬೆಳ್ಳಗಾದವನೇ ಮಾಡಬೇಕು."

ಅವರ ಹೆಂಡತಿ ತಾವೇ ನೀರು ಕಾಯಿಸಲು ಬೆಂಕಿ ಹಚ್ಚಿದರು. ಹುಡುಗರೆಲ್ಲ ಆ ಬೆಂಕಿಕಡ್ಡಿಯ ಸದ್ದಿಗೆ ತಿರುಗಿ ನೋಡಿದರಂತೆ. ಬಿಸಿನೀರಿಗೆ ಸಕ್ಕರೆ ಹಾಕಿ ನನ್ನ ಬಾಯಿಗೆ ಹನಿಸಿದರು. ಗುರುಗಳು ಹೇಸರಗತ್ತೆಗೆ ಗಾಡಿಯ ಪಟ್ಟಿ ಕಟ್ಟಿದರು. ಕಟ್ಟಿ ಅಭ್ಯಾಸವಿಲ್ಲದ ಕೈ. ಮಾಯುತ್ತಿದ್ದ ಹುಣ್ಣಿನ ಮೇಲೇ ಬಿಗಿದರು. ಆ ಪ್ರಾಣಿ ಒಂದು ಸಲ ಒದರಿ ನಡೆಯಿತು.

ಪಟ್ಟಣದ ಬೀದಿ ನನಗೆ ಚೆನ್ನಾಗಿ ನೆನಪಿದೆ. ಮಳೆ ನಿಂತಿತ್ತು. ಯಹೂದಿಗಳು ಪ್ರಾರ್ಥನೆ ಮುಗಿಸಿ, ಹೆಂಡತಿ ಮಕ್ಕಳೊಡನೆ ಮನೆಗೆ ನಡೆಯುವ ಹೊತ್ತು. ಬಿಳಿ ಶಾಲಿನ ಗುರುವೊಬ್ಬ ಹಬ್ಬದ ದಿನ ಲಗಾಮು ಹಿಡಿದು ಗಾಡಿ ಹೊಡೆದುಕೊಂಡು ಬರುತ್ತಿರುವುದನ್ನು ಕಂಡು ಬೀದಿಗೆ ಬೀದಿಯೇ ನಿಂತಿತು. ಒಬ್ಬ ಮುದುಕ ಉಗಿದ. ಯಾರೋ ಒಂದು ಮಾತು ಕೂಗಿದರು, ಅದನ್ನು ಇನ್ನಷ್ಟು ಜನ ಕೂಗಿದರು. ಒಂದು ಕಲ್ಲು ಗಾಡಿಯ ಹಲಗೆಗೆ ತಾಗಿತು. ಗುರುಗಳು ಗಾಡಿ ನಿಲ್ಲಿಸಿ ವಿವರಿಸಬಹುದಿತ್ತು. ನಿಲ್ಲಿಸಲಿಲ್ಲ. ಕೆಮ್ಮುತ್ತಾ, ಹೇಸರಗತ್ತೆಗೆ ಏನೋ ಪುಸಲಾಯಿಸುತ್ತಾ ಹೊಡೆದರು.

ಮೇಯರ್ ನನ್ನ ತಲೆಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದ. ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಿದ್ದರೆ ಅವನನ್ನು ಯಾರೂ ಗುರುತಿಸುತ್ತಿರಲಿಲ್ಲ. ಅವನು ಎಳೆದುಕೊಳ್ಳಲಿಲ್ಲ.

ಆಮೇಲೆ

ಕ್ವಿನೈನು ಹಾಕಿದರು, ಉಳಿದೆ. ಖಾಸಿಂ ಸಾಬರು ಮಂಚದ ಪಕ್ಕ ಕುಂತು, "ಇನ್ನೊಂದ್ ಗಳಿಗೆ ತಡ ಆಗಿದ್ರೆ ನಿಮ್ಮವ್ವಾರಿಗೆ ನಾನು ಏನಂತ ಮುಖ ತೋರಿಸ್ಲಿ ರೀ" ಎಂದು ಬೈದರು.

ಕಾಲಿಗೆ ಶಕ್ತಿ ಬಂದ ಮೇಲೆ ಮತ್ತೆ ಹೋದೆ. ಹೇಸರಗತ್ತೆಯ ಹೆಗಲು ಮೊದಲಿಗಿಂತ ಕೆಟ್ಟಿತ್ತು, ಮೊದಲಿನಿಂದ ತೊಳೆಯಬೇಕಾಯಿತು. ಹಜಾರದಲ್ಲಿ ಕೆಲವು ಬೆಂಚು ಖಾಲಿ ಇದ್ದವು. ಮಕ್ಕಳನ್ನು ಅಪ್ಪಂದಿರು ಬಂದು ಕರೆದುಕೊಂಡು ಹೋಗಿದ್ದರು. ನಾನು ಏನಾದರೂ ಹೇಳಬೇಕೆಂದು ಗುರುಗಳ ಮುಂದೆ ಕೂತೆ. ಅವರು ಅದಕ್ಕೆ ಎಡೆ ಕೊಡದೆ ಎಜ್ರಾನ ಮೂಲಕ ಕೇಳಿದರು: "ಜ್ವರದಲ್ಲಿ ಏನೋ ಹಿಡಿದುಕೊಂಡಿದ್ದಿರಲ್ಲ, ಅದು ಏನು?"

ಕರಡಿಗೆ ಬಿಚ್ಚದೆ, ಹೇಗೆ ತಿಳಿಯುತ್ತದೋ ಹಾಗೆ ಹೇಳಿದೆ. ದೀಕ್ಷೆಯ ದಿನ ಗುರು ಇದನ್ನು ಅಂಗೈಯಲ್ಲಿ ಇಟ್ಟದ್ದು, ಸಾಯುವ ತನಕ ಮೈಯಿಂದ ಅಗಲಿಸುವಂತಿಲ್ಲದ್ದು.  "ಇದನ್ನು ನಾನು ಒಪ್ಪಲಾರೆ" ಎಂದರು ಅವರು. "ನಮ್ಮ ಧರ್ಮ ಇದನ್ನು ಒಪ್ಪುವುದಿಲ್ಲ. ನಿಮಗೆ ಸುಳ್ಳು ಹೇಳಲಾರೆ. ಆದರೆ ಕೈ ಬಿಡದೆ ಹಿಡಿದುಕೊಳ್ಳುವುದು ಏನೆಂದು ನನಗೆ ಗೊತ್ತು." ನನಗೆ ಸಮಾಧಾನವೇ ಆಯಿತು. ಸುಮ್ಮನೆ ತಲೆಯಾಡಿಸಿದ್ದರೆ ಅವರನ್ನು ಇಷ್ಟು ನಂಬುತ್ತಿರಲಿಲ್ಲ.

ಖಾಸಿಂ ಸಾಬರು ಪಟ್ಟಣದ ಮಸೀದಿಗೆ ಹೋಗಿ ಬರುತ್ತಿದ್ದರು. ಅವರು ತರುತ್ತಿದ್ದ ಸುದ್ದಿಯೇ ಬೇರೆ. "ಈ ಯಹೂದಿಗಳು ಬರ್ತಾನೇ ಅವ್ರೆ, ಹಿಂಗಾದ್ರೆ ನಾವೆಲ್ಲಿಗೆ ಹೋಗಾಣ ಅಂತ ಅಲ್ಲಿ ಜನ ಕೇಳ್ತಾರೆ ಅಯ್ಯನೋರೆ. ನಾನೇನ್ ಹೇಳ್ಲಿ?" ಅದನ್ನು ಎಜ್ರಾನಿಗೆ ಹೇಳಿದೆ. ಅವನು ಗುರುಗಳಿಗೆ ಹೇಳಿದ. ಗುರುಗಳು ಈ ಪ್ರಶ್ನೆಗೆ ನಾಳೆ ಕೂತು ನೋಡೋಣ ಅನ್ನಲಿಲ್ಲ. ಕಿಟಕಿಯಾಚೆ, ಪಕ್ಕದ ತೋಟದಲ್ಲಿ ಅರಬ ಮಾಲಿ ಪಾತಿ ಮಾಡುತ್ತಿದ್ದ ಕಡೆ ನೋಡಿದರು. 

ಮೇಯರನ ಅಪ್ಪ ಬಂದದ್ದು ನಾನು ಅಲ್ಲಿರುವಾಗಲೇ. ಜೆರುಸಲೇಮಿನ ಹಳೆಯ ಮನೆತನದವರು, ಉದ್ದನೆಯ ಕರಿ ಅಂಗಿ. ಬಾಗಿಲ ಹೊರಗೇ ನಿಂತು, ಒಳಗೆ ಕಾಲಿಡಲಿಲ್ಲ. ಅವರ ಮಾತನ್ನೆಲ್ಲ ಎಜ್ರಾ ನನ್ನ ಕಿವಿಯಲ್ಲಿ ಹೇಳುತ್ತಾ ಹೋದ.

"ನನ್ನ ಮಗನನ್ನು ಕಳಿಸಿ" ಎಂದರು.

"ಕರೆಯಿರಿ. ಅವನಿಗೆ ಕಾಲಿದೆ, ಬಾಯಿಯೂ ಇದೆ" ಎಂದರು ಗುರುಗಳು.

ಮೇಯರ್ ಉಗುರು ಕಚ್ಚುತ್ತಾ ಬಂದ. ಅಪ್ಪ ಕೇಳಿದರು: "ಇವರು ಮಾಡಿದ್ದು ಸರಿ ಅನ್ನುತ್ತೀಯಾ?"

"ಮಾಡಿದ್ದು ಸರಿ. ಆದರೆ ಮಾರನೇ ದಿನ ಅದಕ್ಕೆ ಇವರು ಕೊಟ್ಟ ಆಧಾರ ತಪ್ಪು. ಅವತ್ತಿನಿಂದ ಹೇಳುತ್ತಿದ್ದೇನೆ, ಒಪ್ಪುತ್ತಿಲ್ಲ."

"ಮತ್ತೆ ಇಲ್ಲಿ ಯಾಕಿದ್ದೀಯ? ನಡಿ."

ಹುಡುಗ ಅಪ್ಪನ ಕೈ ಹಿಡಿದು ಮುತ್ತಿಟ್ಟ. "ನಮ್ಮೂರಲ್ಲಿ ಗುರುಗಳಿಗೆ ತಪ್ಪು ಅಂದರೆ ಹೊರಗೆ ಹಾಕುತ್ತಾರೆ, ಅಪ್ಪಾ. ಇವರು ಕುರ್ಚಿ ಎಳೆದು ಕೂರು ಅನ್ನುತ್ತಾರೆ. ಇವರನ್ನು ಒಪ್ಪಿಸಿದ ಮೇಲೆ ಬರುತ್ತೇನೆ."

 ಅಪ್ಪ ತಾವು ಮಗನಿಗಾಗಿ ತಂದಿದ್ದ ಉಣ್ಣೆಯ ಅಂಗಿಯನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದರು. ಮೇಯರ್ ಅದನ್ನು ತೊಟ್ಟುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಕೂಗೂ ಗುರುಗಳ ಕೆಮ್ಮೂ ಒಟ್ಟಿಗೆ ಕೇಳಿಸಿದವು.

ಹೊಸದುರ್ಗ ರೋಡಿನಿಂದ ಮನೆಗೆ

ಕೊನೆಗೂ ಅಪ್ಪಣೆ ಬಂತು. ರೈಲಿನಲ್ಲಿ ಈಜಿಪ್ಟ್, ಅಲ್ಲಿಂದ ಹಡಗು, ಬೊಂಬಾಯಿ, ಮತ್ತೆ ರೈಲು. ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಹೊಳಲ್ಕೆರೆ ಮೇಲೆ ಎತ್ತಿನ ಗಾಡಿಯಲ್ಲಿ ಬರುತ್ತಾ ದಾರಿಯುದ್ದ ನಿದ್ದೆ ಮಾಡಿದೆ. ಚಿತ್ರದುರ್ಗದಲ್ಲಿ ಖಾಸಿಂ ಸಾಬರು ಇಳಿದುಕೊಂಡರು. ಏನಾದರೂ ದೊಡ್ಡ ಮಾತು ಆಡಬೇಕೆಂದು ಇಬ್ಬರಿಗೂ ಇತ್ತು. "ಹುಷಾರು ರೀ" ಅಂದರು. "ಹೂಂ, ನೀವೂ" ಅಂದೆ.

ಊರಲ್ಲಿ ಕೆಲವರು ಪರಧರ್ಮದವರ ಮನೆಯಲ್ಲಿ ಉಂಡು ಬಂದವನೆಂದು ಮುಖ ಗಂಟಿಕ್ಕಿದರು. ನನಗೆ ವಾದ ಮಾಡಲು ಆಸಕ್ತಿ ಇರಲಿಲ್ಲ. ಅವ್ವನಿಗೆ ಮಾತ್ರ ಎಲ್ಲ ಹೇಳಿದೆ. ಅವಳು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಾ ಕೇಳಿದಳು. ಗುರುಗಳ ವಿಷಯಕ್ಕೆ ಹೂಂ ಅಂದಳು, ಮೇಯರನ ವಿಷಯಕ್ಕೂ ಹೂಂ ಅಂದಳು. ಎಲ್ಲ ಮುಗಿದ ಮೇಲೆ ಕೈ ನಿಲ್ಲಿಸಿದಳು.

"ಗಂಡಸ್ರು ಒಳಗೆ ಕುಂತ್ಕಂಡು ವಾದ ಮಾಡಿರ್ತಾರೆ. ಗುರುಗಳ ಹೆಂಡ್ತಿ, ಆಯಮ್ಮ ನೀರಿಗೆ ಹೋಗಬೇಕಲ್ಲಪ್ಪ. ಬೀದಿ ಹೆಂಗಸ್ರು ಆಮೇಲೆ ಮಾತಾಡ್ಸಿದ್ರಾ?"

ಅದನ್ನು ನಾನು ಕಂಡಿದ್ದೆ. ಬಾವಿಯ ಹತ್ತಿರ ಆಕೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. "ಇಲ್ಲ ಕಣವ್ವ. ನಾನು ಹೊರಡೋ ತನಕ ಮಾತಾಡ್ಸಿರಲಿಲ್ಲ."

"ನಿನಗೆ ಗಂಜಿ ಹಾಕೋದು ಬಿಟ್ಟಳಾ?"

"ಇಲ್ಲ."

"ಹೆಸರೇನು ಆಯಮ್ಮಂದು?"

"ರಿವ್ಕಾ."

"ರೇವಕ್ಕ" ಅಂದಳು ಅವ್ವ. ನಾನು ತಿದ್ದಲಿಲ್ಲ.

ಮಾರನೇ ದಿನ ಬೆಳಿಗ್ಗೆ ಲಿಂಗ ಅಂಗೈಯಲ್ಲಿಟ್ಟುಕೊಂಡು ಅವ್ವ ಎಂದಿನಂತೆ ಮನೆಯವರ ಹೆಸರೆಲ್ಲ ಹೇಳಿ ಒಳ್ಳೇದು ಬೇಡಿದಳು. ಅಣ್ಣ, ಅತ್ತಿಗೆ, ಹಿರಿಯೂರಿನ ತಂಗಿ, ನಾನು. ಸ್ವಲ್ಪ ತಡೆದು, "ರೇವಕ್ಕನ್ನ ಯಾರಾದ್ರೂ ಮಾತಾಡ್ಸಂಗೆ ಮಾಡಪ್ಪ" ಅಂದಳು. ಇವತ್ತಿಗೂ ಅನ್ನುತ್ತಾಳೆ.